ಉತ್ತರ ಫೋನಿನಲ್ಲಿದೆ, ಪ್ರಶ್ನೆ ಯಾರಲ್ಲಿದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ‘ಡಿಜಿಟಲ್ ಯುಗದ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸೃಜನಶೀಲ ಚಿಂತನೆ’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 2006ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಚಿಕ್ಕಮಗಳೂರಿನಲ್ಲಿ ಪಿಯುಸಿ, ಹಾಸನದಲ್ಲಿ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಇಲ್ಲಿರುವ ಹಿರಿಯರಿಗೆ ನಾನು ಇಂಥವರ ಮಗ ಎಂದರೆ ತಕ್ಷಣ ಗುರುತು ಸಿಗುತ್ತದೆ, ಎಂಜಿನಿಯರ್ ಎಂದರೆ ಅಷ್ಟು ಬೇಗ ಸಿಗಲಿಕ್ಕಿಲ್ಲ. ಸಮಿತಿಯವರು ಕೊಟ್ಟ ವಿಷಯದ ಹೆಸರು ಸ್ವಲ್ಪ ಉದ್ದವಾಯಿತು. ಮಕ್ಕಳು ಹೆದರಬೇಡಿ, ಅದನ್ನು ನಮ್ಮ ಊರಿನ ಮಾತಿನಲ್ಲೇ ಹೇಳುತ್ತೇನೆ.

ಕಂಪ್ಯೂಟರ್ ಓದಿದವನು ಎಂದು ಗೊತ್ತಾದ ಮೇಲೆ ಊರಿಗೆ ಬಂದಾಗಲೆಲ್ಲ ನನಗೆ ಎರಡು ಪ್ರಶ್ನೆ ಎದುರಾಗುತ್ತವೆ. ತಂದೆ ತಾಯಿ ಕೇಳುವುದು, “ಮಗನ್ನ ಯಾವ ಕೋರ್ಸಿಗೆ ಸೇರಿಸಿದ್ರೆ ಕೆಲಸ ಗ್ಯಾರಂಟಿ?” ಮಕ್ಕಳು ಕೇಳುವುದು, “ಅಣ್ಣ, ಈಗ ಎಲ್ಲಾನೂ ಎಐ ಮಾಡುತ್ತಂತಲ್ಲ, ಮತ್ತೆ ನಾವ್ಯಾಕೆ ಕಲೀಬೇಕು?” ಎರಡರ ಹಿಂದೆಯೂ ಇರುವುದು ಒಂದೇ ಭಯ. ತೋಟದ ಕೂಲಿಯಿಂದಲೋ ಎರಡು ಎಕರೆ ಕಾಫಿಯಿಂದಲೋ ಮಕ್ಕಳನ್ನು ಓದಿಸುವ ಮನೆಗಳು ನಮ್ಮವು. ಓದಿದ್ದು ನಾಳೆ ಉಪಯೋಗಕ್ಕೆ ಬಾರದೆ ಹೋದರೆ ಎಂಬ ಭಯ ಸುಮ್ಮನೆ ಬಂದದ್ದಲ್ಲ. ಆದ್ದರಿಂದ ಅದನ್ನು ನಗೆಯಲ್ಲಿ ತೇಲಿಸದೆ, ನನಗೆ ತಿಳಿದ ಮಟ್ಟಿಗೆ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.

ಸೃಜನಶೀಲತೆ ಎಂದ ಕೂಡಲೇ ನಮಗೆ ನೆನಪಾಗುವುದು ಕವಿಗಳು, ಚಿತ್ರಕಾರರು, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದ ಮಕ್ಕಳು. ಅದು ಹುಟ್ಟಿನಿಂದ ಬರಬೇಕು, ಕೆಲವರಿಗಷ್ಟೇ ಇರುತ್ತದೆ ಎಂದು ನಾವು ತಿಳಿದುಕೊಂಡಿದ್ದೇವೆ. ನನ್ನ ಕೆಲಸದಲ್ಲಿ ನಾನು ಕಂಡುಕೊಂಡ ಅರ್ಥ ಇದಕ್ಕಿಂತ ಸರಳ. ಕಣ್ಣೆದುರಿಗೆ ಇರುವುದನ್ನು ಸರಿಯಾಗಿ ನೋಡುವುದು, ಬೇರೆಯವರು ಕೇಳದ ಪ್ರಶ್ನೆಯನ್ನು ಕೇಳುವುದು, ಹೊಳೆದ ಉತ್ತರವನ್ನು ಕೈಯಾರೆ ಮಾಡಿ ನೋಡುವುದು. ಈ ಮೂರೂ ಕಲಿಯಬಹುದಾದ ಅಭ್ಯಾಸಗಳು. ಇದಕ್ಕೆ ಉದಾಹರಣೆ ಹುಡುಕಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಕಾಫಿ ತೋಟದಲ್ಲೇ ಇದೆ.

ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರು ಎಂಬ ಪ್ರತೀತಿ ನಮಗೆಲ್ಲ ಗೊತ್ತು. ಅದರ ಮುಂದಿನ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. 1869ರಲ್ಲಿ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಫಿಗೆ ಎಲೆ ತುಕ್ಕು ರೋಗ ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ಹಾಳಾಗಿ, ಜನ ಟೀ ಹಾಕಿದರು. ರೋಗ ನಮ್ಮ ತೋಟಗಳಿಗೂ ಬಂತು. ಆಗ ಎಲ್ಲರೂ ರೋಗ ಹಿಡಿದ ಗಿಡವನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ಮಾತ್ರ ತೋಟದಲ್ಲಿ ರೋಗ ಹಿಡಿಯದೆ ನಿಂತಿದ್ದ ಗಿಡವನ್ನು ಗಮನಿಸಿ, ಅದರ ಬೀಜದಿಂದ ಸಸಿ ಮಾಡಿದರು. ನಮ್ಮ ಅಜ್ಜಂದಿರು ‘ಕೆಂಟ್ಸ್’ ಎಂದು ಕರೆಯುತ್ತಿದ್ದ ತಳಿ ಅದೇ.

ಎಲ್ಲರೂ “ಈ ಗಿಡ ಯಾಕೆ ಸಾಯ್ತಿದೆ?” ಎಂದು ಕೇಳುವಾಗ “ಆ ಗಿಡ ಯಾಕೆ ಸಾಯಲಿಲ್ಲ?” ಎಂಬ ಪ್ರಶ್ನೆ ಹುಟ್ಟಿತಲ್ಲ, ನಾನು ಹೇಳುತ್ತಿರುವ ಸೃಜನಶೀಲ ಚಿಂತನೆ ಎಂದರೆ ಅಷ್ಟೇ. ಕಥೆ ಅಲ್ಲಿಗೂ ಮುಗಿಯಲಿಲ್ಲ. ರೋಗವೂ ರೂಪ ಬದಲಿಸಿತು, ಕೆಂಟ್ಸ್ ಕೂಡ ಅದಕ್ಕೆ ಸೋತಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಕೆಂಟ್ಸ್ ಜೊತೆ ಇನ್ನೊಂದು ತಳಿಯನ್ನು ಅಡ್ಡ ಹಾಯಿಸಿ, 1940ರ ದಶಕದಲ್ಲಿ ಎಸ್.795 ತಳಿಯನ್ನು ಬೆಳೆಗಾರರಿಗೆ ಕೊಟ್ಟರು. ಇಂದಿಗೂ ನಮ್ಮ ಎಷ್ಟೋ ಅರೇಬಿಕಾ ತೋಟಗಳಲ್ಲಿ ಇರುವುದು ಅದೇ. ಒಬ್ಬನ ನೋಟ, ಹಲವರ ಓದು, ವರ್ಷಗಟ್ಟಲೆ ತಾಳ್ಮೆ, ಇವು ಮೂರೂ ಸೇರಿದ್ದರಿಂದ ನಾವು ಇವತ್ತು ಕಾಫಿ ಕುಯ್ಯುತ್ತಿದ್ದೇವೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಮಕ್ಕಳೇ, ನೀವು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುತ್ತೀರಲ್ಲ, ಅದು ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದ್ದೀರಾ? ಕೀಲಿಮಣೆಯಲ್ಲಿರುವುದು ಇಂಗ್ಲಿಷಿನ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ಸಾವಿರಗಟ್ಟಲೆ. ಅಕ್ಷರದ ಒಂದೊಂದು ತುಂಡಿಗೂ ಒಂದೊಂದು ಕೀಲಿ ಬೇಕು ಎಂದು ಹೊರಟರೆ ಕೀಲಿಮಣೆ ಈ ವೇದಿಕೆಯಷ್ಟು ದೊಡ್ಡದಾಗಬೇಕಿತ್ತು.

ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ಕೆಲಸ ಮಾಡಿದವರು. ಅವರು ಕೀಲಿಗಳ ಸಂಖ್ಯೆಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ನಮ್ಮ ಲಿಪಿ ಕೆಲಸ ಮಾಡುವ ರೀತಿಯನ್ನು ನೋಡಿದರು. ಒಂದನೇ ತರಗತಿಯ ಮಗು ಕಾಗುಣಿತ ಹೇಳುವಾಗ ಏನು ಮಾಡುತ್ತದೆ? ವ್ಯಂಜನಕ್ಕೆ ಸ್ವರ ಸೇರಿಸುತ್ತದೆ. ಹಾಗಾದರೆ ಕೀಲಿಗೆ ಕೊಡಬೇಕಾದ್ದು ಅಕ್ಷರದ ಆಕಾರವನ್ನಲ್ಲ, ಧ್ವನಿಯನ್ನು. ಆಕಾರವನ್ನು ಜೋಡಿಸುವ ಕೆಲಸ ಕಂಪ್ಯೂಟರ್ ಮಾಡಲಿ. ಈ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಒತ್ತಿದರೆ ಸಾಕು. ನಡುವಿನ ಎಫ್ ಒತ್ತಕ್ಷರಕ್ಕೆ ಕೊಂಡಿ. ಮುಂದೆ ಕರ್ನಾಟಕ ಸರ್ಕಾರ ಇದೇ ಬಗೆಯ ವಿನ್ಯಾಸವನ್ನು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲೂ ಇರುವುದು ಇದೇ. ನಮ್ಮ ಶಾಲೆಯ ಸುತ್ತೋಲೆ ಟೈಪ್ ಆಗುವಾಗ, ಪಂಚಾಯಿತಿಯಲ್ಲಿ ಅರ್ಜಿ ಸಿದ್ಧವಾಗುವಾಗ ಆ ಒಂದು ಯೋಚನೆ ಕೆಲಸ ಮಾಡುತ್ತಿರುತ್ತದೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಈ ಉಪಾಯ ಹೊಳೆಯಲು ಕಂಪ್ಯೂಟರ್ ಜ್ಞಾನ ಒಂದೇ ಸಾಲುತ್ತಿರಲಿಲ್ಲ. ಕನ್ನಡ ಕಾಗುಣಿತದ ಒಳಗುಟ್ಟು ಗೊತ್ತಿರಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದರೆ ತಂತ್ರಜ್ಞಾನದಲ್ಲಿ ಹಿಂದೆ ಬೀಳುತ್ತೇವೆ ಎಂದು ಕೊರಗುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಿ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಬಲ್ಲವನಿಗೆ ಮಾತ್ರ ಕಾಣುವ ಸಮಸ್ಯೆಗಳಿವೆ, ಕನ್ನಡ ಬಲ್ಲವನಿಗೆ ಮಾತ್ರ ಹೊಳೆಯುವ ಪರಿಹಾರಗಳೂ ಇವೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಇನ್ನೊಂದು ದೊಡ್ಡ ಹೆಸರಿದೆ, ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗ, ಮೈಸೂರಿನಲ್ಲಿ ಓದಿದವರು, ಮೂಡಿಗೆರೆಗೆ ಬಂದು ಕಾಫಿ ಬೆಳೆಗಾರರಾದರು. ಕಾದಂಬರಿ ಬರೆದರು, ಹಕ್ಕಿಗಳ ಫೋಟೋ ತೆಗೆದರು, ಚಿತ್ರ ಬರೆದರು, ಮೀನು ಹಿಡಿದರು, ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು. 2007ರಲ್ಲಿ ಅವರು ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಒಬ್ಬ ಸಾಹಿತಿಗೆ ಸಾಫ್ಟ್‌ವೇರಿನ ಉಸಾಬರಿ ಯಾಕೆ ಎಂದು ಕೇಳುವವರು ಇದ್ದಾರು. ಬರೆಯುವವನಿಗೆ ತನ್ನ ಭಾಷೆ ನಾಳೆ ಯಾವ ಉಪಕರಣದಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯವೇ ಅಲ್ಲವೇ?

1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯನ್ನು ಇಲ್ಲಿ ಹಲವರು ಓದಿರುತ್ತೀರಿ. ಅದರಲ್ಲಿ ಮಂದಣ್ಣ ಎಂಬ ಹಳ್ಳಿಯ ಹುಡುಗ ಇದ್ದಾನೆ. ಜೇನು ಹಿಡಿಯುವವನು. ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಆದರೆ ವಿಜ್ಞಾನಿ ಕರ್ವಾಲೊ ಅವರಿಗೆ ಅವನ ಬೆಲೆ ಗೊತ್ತು, ಯಾಕೆಂದರೆ ಕಾಡಿನಲ್ಲಿ ಹಾರುವ ಓತಿಯನ್ನು ಕಂಡವನು ಅವನು. ಪ್ರತಿ ತರಗತಿಯಲ್ಲೂ ಒಬ್ಬ ಮಂದಣ್ಣ ಇರುತ್ತಾನೆ. ಅವನನ್ನು ಗುರುತಿಸಲು ಶಾಲೆಯಲ್ಲಿ ಒಬ್ಬ ಕರ್ವಾಲೊ ಇರಬೇಕು.

ನಮ್ಮ ತರಗತಿಯಲ್ಲಿ ಅಂಥ ಒಬ್ಬನಿದ್ದ. ಒಂಬತ್ತನೇ ತರಗತಿಯ ಮಳೆಗಾಲ. ನಮ್ಮ ವಿಜ್ಞಾನದ ಮೇಷ್ಟ್ರು ಅಂಗಳದಲ್ಲಿ ಎರಡು ಡಬ್ಬ ಇಡಿಸಿದರು. ಒಂದು ಹಾಲಿನ ಪುಡಿಯ ಸಣ್ಣ ಡಬ್ಬ, ಇನ್ನೊಂದು ಬೇಕರಿಯಿಂದ ತಂದ ದೊಡ್ಡ ಬಿಸ್ಕತ್ ಡಬ್ಬ. “ನಾಳೆ ಬೆಳಿಗ್ಗೆ ಯಾವುದರಲ್ಲಿ ನೀರು ಹೆಚ್ಚು ಎತ್ತರ ನಿಂತಿರುತ್ತೆ?” ಎಂದು ಕೇಳಿದರು. ನಾವೆಲ್ಲ ದೊಡ್ಡದರಲ್ಲಿ ಎಂದು ಕೂಗಿದೆವು. ಬೆಳಿಗ್ಗೆ ಸ್ಕೇಲ್ ಇಟ್ಟು ನೋಡಿದರೆ ಎರಡರಲ್ಲೂ ಒಂದೇ ಅಳತೆ. ಮರುದಿನ ಅವರು ಒಂದು ಬಕೆಟ್ಟನ್ನೂ ಇಡಿಸಿದರು. ಅದರಲ್ಲಿ ಮಾತ್ರ ನೀರು ಹೆಚ್ಚು ಎತ್ತರ ನಿಂತಿತ್ತು. ಯಾಕೆ ಎಂದು ಕೇಳಿದರೆ ಮೇಷ್ಟ್ರು ಹೇಳಲಿಲ್ಲ. “ಒಂದು ವಾರ ಟೈಮ್ ಇದೆ, ಯೋಚನೆ ಮಾಡಿ” ಎಂದು ಹೊರಟುಹೋದರು.

ಉತ್ತರ ಹೇಳಿದ್ದು ರ‍್ಯಾಂಕಿನ ಹುಡುಗರಲ್ಲ. ತೋಟದ ಲೈನ್ ಮನೆಯಿಂದ ಬರುತ್ತಿದ್ದ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಗೆಳೆಯ. “ಸಾರ್, ಡಬ್ಬದ ಬಾಯಿ ಎಷ್ಟು ಅಗಲವೋ ತಳಾನೂ ಅಷ್ಟೇ ಅಗಲ. ಬಕೆಟ್ ಬಾಯಿ ಅಗಲ, ತಳ ಸಣ್ಣ. ಜಾಸ್ತಿ ಜಾಗದ ಮಳೆ ಕಮ್ಮಿ ಜಾಗದಲ್ಲಿ ನಿಂತರೆ ಮೇಲೆ ಬರಲೇಬೇಕಲ್ಲ.” ಮಳೆಮಾಪಕದ ತತ್ತ್ವವೇ ಅದು. ನಮ್ಮ ತೋಟದ ಮನೆಗಳಲ್ಲಿ ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುತ್ತಾರಲ್ಲ, ಆ ಲೆಕ್ಕ ನಿಂತಿರುವುದು ಇದರ ಮೇಲೆ.

ಆ ಗೆಳೆಯ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ಫೇಲಾದ. ಮತ್ತೆ ಕಟ್ಟಲಿಲ್ಲ. ಇವತ್ತು ಸುತ್ತಮುತ್ತಲಿನ ತೋಟಗಳಲ್ಲಿ ಪಲ್ಪರ್ ಕೆಟ್ಟರೆ, ಪಂಪ್‌ಸೆಟ್ ನಿಂತರೆ ಜನ ಫೋನ್ ಮಾಡುವುದು ಅವನಿಗೆ. ಅವನು ಚೆನ್ನಾಗಿಯೇ ಬದುಕುತ್ತಿದ್ದಾನೆ, ಅವನ ಬಗ್ಗೆ ಕನಿಕರ ಬೇಡ. ಆದರೆ ಅಷ್ಟು ಸ್ಪಷ್ಟವಾಗಿ ಯೋಚಿಸಬಲ್ಲ ಹುಡುಗನಿಗೆ ನಮ್ಮ ಪರೀಕ್ಷೆಯಲ್ಲಿ ಜಾಗ ಸಿಗಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಈಗಲೂ ಕೊರೆಯುತ್ತದೆ. ಇನ್ನೊಂದು ಮಗುವಿಗೆ ಹಾಗಾಗಬಾರದು ಎಂಬುದಕ್ಕೇ ಇವತ್ತು ಇಷ್ಟು ಮಾತಾಡುತ್ತಿದ್ದೇನೆ.

ಇದರಿಂದ ಬಾಯಿಪಾಠ ಬೇಡ, ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಮಗ್ಗಿ ಬರಬೇಕು, ಕಾಗುಣಿತ ಬರಬೇಕು, ಸೂತ್ರ ನೆನಪಿರಬೇಕು. ಕಾಗುಣಿತ ಬಾಯಿಗೆ ಬಾರದವನಿಗೆ ಕನ್ನಡ ಕೀಲಿಮಣೆಯ ಉಪಾಯ ಹೊಳೆಯುವುದಿಲ್ಲ. ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿದಾಗ ಕೆಳಗಿನ ಮೆಟ್ಟಿಲು ‘ನೆನಪಿಡುವುದು’, ಎಲ್ಲಕ್ಕಿಂತ ಮೇಲಿನದು ‘ಸೃಷ್ಟಿಸುವುದು’ ಎಂದಾಯಿತು. ಬಿ.ಎಡ್. ಮಾಡಿದ ಗುರುಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮೊದಲ ಮೆಟ್ಟಿಲು ಹತ್ತದೆ ಮೇಲೆ ಹೋಗಲು ಆಗುವುದಿಲ್ಲ. ನಮ್ಮ ತೊಂದರೆ ಏನೆಂದರೆ ಮೊದಲ ಮೆಟ್ಟಿಲಿನಲ್ಲೇ ಹತ್ತು ವರ್ಷ ಕೂರಿಸಿ ಕಳುಹಿಸುತ್ತೇವೆ.

ಅದಕ್ಕೆ ಮೇಷ್ಟ್ರುಗಳನ್ನು ದೂರುವುದು ಸುಲಭ. ಆದರೆ ಶೇಕಡಾವಾರು ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ. ‘ಪಾಸಿಂಗ್ ಪ್ಯಾಕೇಜ್’ ಮಾಡಿಸದಿದ್ದರೆ ಹಿಂದುಳಿದ ಮಕ್ಕಳು ಪಾಸಾಗುವುದಿಲ್ಲ. ಪಾಸಾಗದಿದ್ದರೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಲೈನ್ ಮನೆಯ ಮಗುವಿಗೆ ಆ ಸರ್ಟಿಫಿಕೇಟ್ ಎಷ್ಟು ಮುಖ್ಯ ಎಂದು ಊರಿನ ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಇನ್ನು ಸರ್ಕಾರಿ ಶಾಲೆಯ ಶಿಕ್ಷಕರ ಸೃಜನಶೀಲತೆಯ ಬಗ್ಗೆ ನನಗೆ ಸಂಶಯವಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಫೋನೇ ಇಲ್ಲದ ಮಕ್ಕಳಿಗೆ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಆ್ಯಪ್ ಇಲ್ಲದೆಯೂ ಶಾಲೆ ನಡೆಸಿದವರು ಅವರು.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಎಲ್ಲವನ್ನೂ ಎಐ ಮಾಡಿದರೆ ನಮಗೇನು ಕೆಲಸ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನನ್ನ ಕೆಲಸದ ರೀತಿ ಬದಲಾಗಿದೆ, ಅದು ನಿಜ. ಮೊದಲು ಎರಡು ದಿನ ಕೂತು ಬರೆಯುತ್ತಿದ್ದ ಕೋಡನ್ನು ಈಗ ಯಂತ್ರ ಕೆಲವು ನಿಮಿಷದಲ್ಲಿ ಬರೆದುಕೊಡುತ್ತದೆ. ಬರೀ ಕೋಡ್ ಟೈಪ್ ಮಾಡಲು ಬಲ್ಲವನಿಗೆ ಇದು ಕಷ್ಟದ ಕಾಲ. ಆದರೆ ಯಂತ್ರ ಏನು ಮಾಡುತ್ತದೆ ಎಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಜನ ಬರೆದಿಟ್ಟ ಅಪಾರ ಬರಹವನ್ನು ಅದಕ್ಕೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುವುದನ್ನು ಕಲಿಸಿದ್ದಾರೆ. ಬಹಳ ಜನ ಬಹಳ ಸಲ ಬರೆದ ವಿಷಯದಲ್ಲಿ ಅದು ಜಾಣ. ಯಾರೂ ಬರೆಯದ ವಿಷಯದಲ್ಲಿ ಅದಕ್ಕೆ ಆಧಾರವೇ ಇಲ್ಲ. ಆದರೂ ಧೈರ್ಯವಾಗಿ ಉತ್ತರ ಹೇಳಿಬಿಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ಕೊಯ್ಲು, ಗಿಡಗಸಿ ಯಾವಾಗ ಮಾಡಬೇಕು ಎಂದು ಫೋನಿನಲ್ಲಿ ಕೇಳಿದಿರಿ ಎಂದುಕೊಳ್ಳಿ. ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಬ್ರೆಜಿಲ್. ಅಲ್ಲಿ ಬಹುಪಾಲು ಬಿಸಿಲಿನ ಬಯಲಿನ ಕಾಫಿ, ಕೊಯ್ಲು ಸುಮಾರು ಮೇಯಿಂದ ಸೆಪ್ಟೆಂಬರ್‌ವರೆಗೆ. ನಮ್ಮದು ಮರದ ನೆರಳಿನ ಕಾಫಿ, ಅರೇಬಿಕಾ ಕೊಯ್ಲು ನವೆಂಬರಿನಿಂದ. ಅಲ್ಲಿಯ ಲೆಕ್ಕ ಇಲ್ಲಿಯ ಉತ್ತರದಲ್ಲಿ ಬೆರೆತು ಬಂದರೆ ಅದನ್ನು ಹಿಡಿಯುವವರು ಯಾರು? ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ಕಣ್ಣಾರೆ ಕಂಡ ನೀವು. ಮರಗಸಿ ಮಾಡುವಾಗ ಯಾವ ಕೊಂಬೆ ಬಿಡಬೇಕು, ಯಾವುದು ತೆಗೆಯಬೇಕು ಎಂದು ನಿಮ್ಮ ಅಪ್ಪನಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆಯದೆ ಇರುವುದು ಯಂತ್ರಕ್ಕೆ ಸಿಕ್ಕುವುದಿಲ್ಲ.

ಉದ್ಯೋಗದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ನನ್ನ ಅನುಭವದ ಒಂದು ವಿಷಯ ಹೇಳುತ್ತೇನೆ. ನಮ್ಮ ತಂಡ ದಿನಸಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡುತ್ತಿತ್ತು. “ಬಿಲ್ ಮಾಡೋದು ನಿಧಾನ ಆಗ್ತಿದೆ, ಜನ ಕಾಯ್ತಾರೆ, ಫಾಸ್ಟ್ ಮಾಡಿ” ಎಂದು ಬೇಡಿಕೆ ಬಂತು. ಎಲ್ಲರೂ ತಂತ್ರಾಂಶದ ವೇಗ ಹೆಚ್ಚಿಸುವ ಬಗ್ಗೆ ಚರ್ಚೆ ಶುರು ಮಾಡಿದರು. ತಂಡಕ್ಕೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ, ಕೋಲಾರದ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವಳು, “ನಾನೊಂದು ದಿನ ಅಂಗಡಿಯಲ್ಲಿ ಕೂತು ನೋಡಿ ಬರ್ತೀನಿ” ಎಂದಳು. ನೋಡಿದರೆ ಬಿಲ್ ಬರುವುದು ನಿಧಾನವೇ ಆಗಿರಲಿಲ್ಲ. ಗಿರಾಕಿ ಬಂದಾಗಲೆಲ್ಲ ಅಂಗಡಿಯವರು ಒಳಗೆ ಹೋಗಿ ಉದ್ರಿ ಪುಸ್ತಕ ತೆಗೆದು ಹಳೆಯ ಬಾಕಿ ನೋಡಿ ಬರುತ್ತಿದ್ದರು. ಸಮಯ ಹೋಗುತ್ತಿದ್ದದ್ದು ಅಲ್ಲಿ. ಗಿರಾಕಿಯ ಬಾಕಿ ಬಿಲ್ಲಿನ ಪಕ್ಕದಲ್ಲೇ ಕಾಣುವ ಹಾಗೆ ಮಾಡಿದೆವು, ಸಮಸ್ಯೆ ಮುಗಿಯಿತು. ಉದ್ರಿ ಲೆಕ್ಕ ಎಂದರೆ ಏನು ಎಂದು ಅವಳಿಗೆ ಮನೆಯಲ್ಲೇ ಗೊತ್ತಿತ್ತು. ಕೋಡ್ ಬರೆಯುವುದನ್ನು ಯಂತ್ರ ಮಾಡಬಹುದಿತ್ತು. ಅಂಗಡಿಯಲ್ಲಿ ಕೂತು ನೋಡಬೇಕು ಎಂಬುದು ಅದಕ್ಕೆ ಹೊಳೆಯುತ್ತಿರಲಿಲ್ಲ.

ಇದು ನನ್ನೊಬ್ಬನ ಮಾತಲ್ಲ. ವರ್ಲ್ಡ್ ಎಕನಾಮಿಕ್ ಫೋರಂ 2023ರಲ್ಲಿ ಹೊರತಂದ ಉದ್ಯೋಗಗಳ ಭವಿಷ್ಯದ ವರದಿಯಲ್ಲಿ ಕೆಲಸಗಾರರಿಗೆ ಬೇಕಾದ ಕೌಶಲಗಳ ಪೈಕಿ ವಿಶ್ಲೇಷಣಾ ಚಿಂತನೆಗೆ ಮೊದಲ ಸ್ಥಾನ, ಸೃಜನಶೀಲ ಚಿಂತನೆಗೆ ಎರಡನೇ ಸ್ಥಾನ ಇತ್ತು. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ‘ಪೀಸಾ’ ಪರೀಕ್ಷೆಯಲ್ಲಿ 2022ರಲ್ಲಿ ಮೊದಲ ಬಾರಿಗೆ ಸೃಜನಶೀಲ ಚಿಂತನೆಯನ್ನೂ ಅಳೆದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಮಾತಿದೆ. ಕಾಗದದಲ್ಲಿ ಎಲ್ಲರೂ ಒಪ್ಪಿದ್ದಾರೆ. ನಮ್ಮ ಶಾಲೆಯ ಅಂಗಳದಲ್ಲಿ ಅದು ಹೇಗೆ ನಡೆಯಬೇಕು ಎಂಬುದು ನಾವು ತೀರ್ಮಾನಿಸಬೇಕಾದ ವಿಷಯ.

ಈ ವರ್ಷ ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಕಂಪ್ಯೂಟರ್ ಕೊಡಿಸುತ್ತಿದ್ದೇವೆ, ಸಂತೋಷ. ಆದರೆ ಎಷ್ಟೋ ಕಡೆ ದಾನ ಕೊಟ್ಟ ಕಂಪ್ಯೂಟರ್‌ಗಳು ಬಟ್ಟೆ ಹೊದ್ದು, ಕೋಣೆಗೆ ಬೀಗ ಹಾಕಿಸಿಕೊಂಡು, ಬ್ಯಾಟರಿ ಸತ್ತು ಮಲಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಯಂತ್ರ ಬರುವ ಮೊದಲು ಅದರಿಂದ ಕೇಳಬೇಕಾದ ಪ್ರಶ್ನೆ ನಮ್ಮಲ್ಲಿರಬೇಕು. ಅದಕ್ಕಾಗಿ ನಾಲ್ಕು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ಯಾವುದಕ್ಕೂ ಹೆಚ್ಚು ದುಡ್ಡು ಬೇಕಾಗಿಲ್ಲ.

ಮೊದಲನೆಯದು, ಶಾಲೆಯ ಮಳೆ ಪುಸ್ತಕ. ಪ್ರತಿದಿನ ಬೆಳಿಗ್ಗೆ ಇಬ್ಬರು ಮಕ್ಕಳು ಮಳೆ ಅಳೆದು ಬರೆಯಲಿ. ಕಾಫಿ ಯಾವ ದಿನ ಹೂ ಬಿಟ್ಟಿತು, ಮೊದಲ ಹಣ್ಣು ಯಾವಾಗ ಬಂತು ಎಂಬುದೂ ಇರಲಿ. ಅದನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ಮಾಡುವುದನ್ನು ನಾನು ಕಲಿಸುತ್ತೇನೆ. ಊರಿನ ತೋಟದ ಮನೆಗಳಲ್ಲಿ ಹಳೆಯ ಮಳೆ ಲೆಕ್ಕದ ಡೈರಿಗಳಿವೆ. ಹಿರಿಯರು ದಯವಿಟ್ಟು ಅವುಗಳನ್ನು ನಕಲು ಮಾಡಿಕೊಳ್ಳಲು ಮಕ್ಕಳಿಗೆ ಕೊಡಿ. ಹೂಮಳೆ ಮೊದಲಿಗಿಂತ ಬೇಗ ಬರುತ್ತಿದೆಯೋ ತಡವಾಗಿಯೋ ಎಂದು ಅಂಗಡಿ ಕಟ್ಟೆಯಲ್ಲಿ ನಾವು ವಾದ ಮಾಡುತ್ತೇವಲ್ಲ, ಅದಕ್ಕೆ ನಮ್ಮ ಮಕ್ಕಳೇ ಲೆಕ್ಕ ಹಾಕಿ ಉತ್ತರ ಹೇಳಲಿ.

ಎರಡನೆಯದು, ವಾರಕ್ಕೆ ಒಂದು ಪೀರಿಯಡ್ ಪ್ರಶ್ನೆಗೆ ಮೀಸಲಿಡುವುದು. ಮಕ್ಕಳು ಪಠ್ಯಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ತರಬೇಕು. ಮೇಷ್ಟ್ರು, ಟೀಚರು ಉತ್ತರ ಹೇಳಬೇಕಾಗಿಲ್ಲ, ಹೇಗೆ ಹುಡುಕುವುದು ಎಂದು ಜೊತೆಗೆ ಕೂತರೆ ಸಾಕು. ಎಐಯನ್ನೂ ಕೇಳಲಿ, ಆಮೇಲೆ ಅದು ಹೇಳಿದ್ದು ನಮ್ಮ ಊರಿಗೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಲಿ. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಈಗ ಮಲೆನಾಡಿನ ಶಾಲೆಗಳಲ್ಲಿದ್ದಾರೆ. ನಮಗೆ ದಿನವೂ ಕಂಡು ಕಣ್ಣಿಗೇ ಬೀಳದೆ ಹೋದದ್ದು ಹೊಸದಾಗಿ ಬಂದ ಆ ಮಕ್ಕಳಿಗೆ ಕಾಣುತ್ತದೆ. ಅವರ ಪ್ರಶ್ನೆಗೆ ಮೊದಲ ಅವಕಾಶ ಕೊಡಿ.

ಮೂರನೆಯದು, ಊರಿನ ಕೈಕೆಲಸ ಬಲ್ಲವರನ್ನು ಶಾಲೆಗೆ ಕರೆಯುವುದು. ಹಳೆಯ ವಿದ್ಯಾರ್ಥಿ ಎಂದರೆ ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಮಾತ್ರ ಅಲ್ಲ. ನಾನು ಹೇಳಿದ ಪಲ್ಪರ್ ರಿಪೇರಿಯ ಗೆಳೆಯ ಬರಲಿ. ಜೇನು ಸಾಕುವವರು, ಮರಗಸಿ ಮಾಡುವವರು, ಹೊಲಿಗೆ ಮಾಡುವ ಅಕ್ಕಂದಿರು ಬರಲಿ. ಒಂದು ಯಂತ್ರ ಕೆಟ್ಟಾಗ ಎಲ್ಲಿಂದ ಹುಡುಕಲು ಶುರು ಮಾಡುತ್ತಾರೆ, ಯಾವುದನ್ನು ಮೊದಲು ಅನುಮಾನಿಸುತ್ತಾರೆ ಎಂದು ಮಕ್ಕಳ ಮುಂದೆ ಬಿಚ್ಚಿ ತೋರಿಸಲಿ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ವಿಧಾನವೂ ಅದೇ. ಸಂಬಳ ಪಡೆದು ನಾನು ಮಾಡುವ ಕೆಲಸದ ಅರ್ಧ ಭಾಗ ಅದು.

ನಾಲ್ಕನೆಯದು ತಂದೆ ತಾಯಂದಿರಿಗೆ. ಮಗು ಹಳೆಯ ರೇಡಿಯೊ ಬಿಚ್ಚಿದರೆ ಬೈಯಬೇಡಿ, ವಾಪಸ್ ಜೋಡಿಸು ಎನ್ನಿ. ಮನೆಯಲ್ಲಿ ಫೋನ್ ಇದ್ದರೆ ರಾತ್ರಿ ಹತ್ತು ನಿಮಿಷ ಮಗುವಿನ ಪಕ್ಕ ಕೂತು, “ಇವತ್ತು ಇದರಲ್ಲಿ ಏನು ಕೇಳಿದೆ? ಅದು ಹೇಳಿದ್ದು ಸರಿ ಅಂತ ನಿನಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿ. ನಿಮಗೆ ಓದು ಬಾರದಿದ್ದರೂ ಈ ಎರಡು ಪ್ರಶ್ನೆ ಕೇಳಬಹುದು. ಯಾವ ಕೋರ್ಸಿಗೆ ಸೇರಿಸಲಿ ಎಂದು ನನ್ನನ್ನು ಕೇಳುವವರಿಗೆಲ್ಲ ನನ್ನ ಉತ್ತರ ಇದೇ. ಯಾವ ಕೋರ್ಸ್ ಆದರೂ ಹತ್ತು ವರ್ಷದಲ್ಲಿ ಹಳತಾಗಬಹುದು. ನೋಡುವ, ಕೇಳುವ, ಮಾಡಿ ನೋಡುವ ಅಭ್ಯಾಸ ಇದ್ದವರು ಮುಂದಿನದನ್ನು ತಾವೇ ಕಲಿತುಕೊಳ್ಳುತ್ತಾರೆ. ಅದು ಎಂಜಿನಿಯರಿಂಗ್ ಇರಲಿ, ನರ್ಸಿಂಗ್ ಇರಲಿ, ಐಟಿಐ ಇರಲಿ, ನಮ್ಮದೇ ತೋಟ ಇರಲಿ.

ಐವತ್ತು ವರ್ಷದಲ್ಲಿ ಈ ಶಾಲೆ ನೂರಾರು ಮನೆಗಳ ಮೊದಲ ಎಸ್‌ಎಸ್‌ಎಲ್‌ಸಿಯನ್ನು ಕಂಡಿದೆ. ನಮ್ಮ ಮನೆಯಲ್ಲೂ ಅದು ಮೊದಲನೆಯದೇ ಆಗಿತ್ತು. ಇಲ್ಲಿಯ ಗುರುಗಳು ಪಾಠದ ಜೊತೆಗೆ ನಮಗೆ ಕೊಟ್ಟ ಧೈರ್ಯವನ್ನು ನಾನು ಮರೆತಿಲ್ಲ. ನನ್ನ ಪಾಲಿನ ಕೆಲಸವಾಗಿ, ಪ್ರತಿ ತಿಂಗಳ ಎರಡನೇ ಶನಿವಾರದ ಹಿಂದಿನ ದಿನ ಊರಿಗೆ ಬಂದು, ಶುಕ್ರವಾರದ ಕೊನೆಯ ಪೀರಿಯಡ್ ಮಕ್ಕಳ ಜೊತೆ ಕೂರಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಿದ್ದೇನೆ. ಮಳೆ ಅಳೆಯುವ ಡಬ್ಬ ನಾನೇ ತರುತ್ತೇನೆ. ಉಳಿದ ಶುಕ್ರವಾರಗಳಿಗೆ ಹೆಸರು ಬರೆಸಲು ಇಚ್ಛೆ ಇರುವವರು ಊಟದ ಸಮಯದಲ್ಲಿ ಕಚೇರಿಯ ಮುಂದೆ ಇಟ್ಟಿರುವ ಪುಸ್ತಕದಲ್ಲಿ ಬರೆಯಬೇಕಾಗಿ ಕೋರುತ್ತೇನೆ.